ಹೊಳೆ ಕಡೆಯ ಕೊನೆಯ ಗದ್ದುಗೆ

ಅವ್ವ ಹುಟ್ಟಿದ ದಿನವೇ ಅವಳ ತಾಯಿ ಮೇಡ್ಲೇರಿಯ ಗಂಡನ ಮನೆಯಲ್ಲಿ ತೀರಿಕೊಂಡಳು. ಹಸುಗೂಸನ್ನು ಬ್ಯಾಡಗಿಯ ಅಜ್ಜಿ ಮನೆಯವರು ಒಯ್ದರು. ಅಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಬೆಳೆದಳು. ಅಪ್ಪ ಅನ್ನಿಸಿಕೊಂಡವನು ಸಾಯುವ ತನಕ ಒಮ್ಮೆಯೂ ಬಂದು ಮಗಳ ಮುಖ ನೋಡಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ ಕೂರಿಸಿ ಹೂಳಿ, ಮೇಲೆ ಗದ್ದುಗೆ ಕಟ್ಟುತ್ತಾರೆ. ಆದರೆ ಬಾಣಂತಿ ಸತ್ತರೆ ಆ ಹೊಲದೊಳಗೆ ಜಾಗವಿಲ್ಲ ಎನ್ನುವುದು ಅವ್ವನ ಅಪ್ಪನ ಮನೆತನದ ಹಳೆಯ ಕಟ್ಟಳೆ. ‘ನನ್ನಿಂದ ನಮ್ಮವ್ವ ಹೊರಗ ಬಿದ್ಲು’ ಎಂಬ ಕೊರಗು ಅವ್ವನನ್ನು ಜೀವಮಾನವಿಡೀ ತಿಂದಿತ್ತು. ಎಲ್ಲಿ ಹೂಳಿದರೆಂದು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದಳು. ನನಗೋ ಸಿಟ್ಟು. ತಿರುಗಿ ನೋಡದವನ ಊರಿಗೆ ನಾವ್ಯಾಕೆ ಹೋಗಬೇಕು? ಕಡೆಗೆ ಹಾವೇರಿಯಿಂದ ಬಸ್ಸು ಹತ್ತಿದೆವು. ನನ್ನ ಕೈಗೆ ಮೊಬೈಲ್ ಬಂದ ಹೊಸತು, ಗದ್ದುಗೆಯ ಫೋಟೊ ಹೊಡಿ ಎಂದು ದಾರಿಯಲ್ಲೇ ಹೇಳಿಟ್ಟಿದ್ದಳು.

ರಾಣೆಬೆನ್ನೂರಿನಲ್ಲಿ ಅವ್ವನ ಚಿಕ್ಕಪ್ಪನ ಮಗನ ಬಟ್ಟೆ ಅಂಗಡಿಗೆ ಹೋದೆವು. ಗಿರಾಕಿಗಳ ಮುಂದೆ ಈ ಮಾತು ಬಂದದ್ದು ಅವನಿಗೆ ಇರಿಸುಮುರಿಸಾಯಿತು. ಕತ್ತರಿ ಕೆಳಗಿಡದೆಯೇ ಹೇಳಿದ.

“ಹೊಲದಾಗ ನಾಕು ಗದ್ದಿಗಿ ಅದಾವಕ್ಕ. ಹೊಳಿ ಕಡೆ ಕೊನೇದು ನಿಮ್ಮವ್ವಂದು.”

“ಹೊಲದೊಳಗ ಇಟ್ಟಾರೇನು?” ಅವ್ವ ಮತ್ತೊಮ್ಮೆ ಕೇಳಿದಳು.

“ಹೂಂ,” ಎಂದ. ನನ್ನ ಮುಖ ಮಾತ್ರ ನೋಡಲಿಲ್ಲ. ಆಗಲೇ ನನಗೆ ಕಸಿವಿಸಿ ಶುರುವಾಯಿತು.

ಮೇಡ್ಲೇರಿಯ ಹೊಲದಲ್ಲಿ ಅವ್ವ ನನ್ನನ್ನು ಬಿಟ್ಟು ಸರಸರ ನಡೆದು, ಕೊನೆಯ ಗದ್ದುಗೆಗೆ ವಿಭೂತಿ ಬಳಿಯುತ್ತ ಕೂತಳು. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಮುದುಕಿಯನ್ನು ನಾನು ವಿಚಾರಿಸಿದೆ. ಆ ಮನೆಯ ಹೊಲದಲ್ಲೇ ದುಡಿದು ಮುದುಕಿಯಾದವಳು.

“ಅದು ಅವರ ಮನಿ ಸಣ್ಣ ಮುತ್ಯಾಂದು. ಬಾಣಂತಿನ ಒಳಗ ಯಾರ ಇಡ್ತಾರ? ಹೊಳಿ ದಂಡ್ಯಾಗ ಇಟ್ಟಿದ್ರಂತ. ಆ ದಂಡಿ ಹೊಳ್ಯಾಗ ಕೊಚ್ಚಿ ಹೋಗಿ ಎಷ್ಟೋ ವರ್ಷಾತು.”

“ಸಣ್ಣಕ ಮಾತಾಡಬೇ,” ಎಂದು ಬೇಡಿಕೊಂಡೆ. ಮುದುಕಿ ಅವ್ವನ ಕಡೆ ನೋಡಿ ಮತ್ತೆ ಹುಲ್ಲಿಗೆ ಬಾಗಿದಳು.

ಅವ್ವನ ತನಕ ಇದ್ದದ್ದು ಹತ್ತು ಹೆಜ್ಜೆ. ಹೇಳಿಬಿಡಬೇಕು ಎಂದುಕೊಂಡೇ ನಡೆದೆ. ನಾಳೆ ಬೇರೆ ಯಾರಾದರೂ ಹೇಳಿದರೆ ನನ್ನನ್ನು ಕ್ಷಮಿಸುವ ಹೆಂಗಸಲ್ಲ ಅವಳು. ಅಷ್ಟರಲ್ಲಿ ಅವಳೇ ತಿರುಗಿದಳು. ಅಷ್ಟು ಹಗುರಾದ ಮುಖ ನಾನು ಎಂದೂ ಕಂಡಿರಲಿಲ್ಲ.

“ನಮ್ಮಪ್ಪ ಮನಿ ಮಂದೀನ್ನ ಎದುರು ಹಾಕ್ಕೊಂಡು ಆಕೀನ್ನ ಒಳಗ ಇಟ್ಟಾನ ನೋಡು. ಅಷ್ಟು ಜೀವ ಇತ್ತು ಆಕಿ ಮ್ಯಾಲೆ. ಅದಕ್ಕ ನನ್ನ ಮುಖ ನೋಡಾಕ ಆಗಿಲ್ಲ ಅವಗ.” ಕಣ್ಣೊರೆಸಿಕೊಂಡು ಕೇಳಿದಳು. “ಏನಂದ್ಲು ಆ ಮುದಕಿ?”

“ಇದೇ ಅಂದ್ಲವ್ವಾ.”

“ಹಂಗಾರ ನಮಸ್ಕಾರ ಮಾಡು ನಿಮ್ಮಜ್ಜಿಗೆ.”

ಯಾರೋ ಮುದುಕನ ಗದ್ದುಗೆಗೆ ಹಣೆ ಹಚ್ಚಿದೆ. ಏಳಲು ಬಹಳ ಹೊತ್ತು ಹಿಡಿಯಿತು.