ಸೀ ನೀರಿನ ಮೇಸ್ತ್ರಿ

ಬಾನೆಟ್ ಎತ್ತಿದಾಗ ಬಂದ ವಾಸನೆ ಅದು. ಬೆಲ್ಲದ ಪಾಕ ತಳ ಹಿಡಿದಾಗ ಬರುತ್ತದಲ್ಲ, ಅಂಥ ಸಿಹಿಯಾದ ಸುಟ್ಟ ವಾಸನೆ. ರೇಡಿಯೇಟರಿನ ಪೈಪು ಸೀಳಿ, ಹಸಿರು ಕೂಲಂಟ್ ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಈ ಕಾರಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಬ್ಬರದೂ ಈಗ ದಿನಕ್ಕೊಂದು ರಿಪೇರಿ. ಸುರಪುರದಲ್ಲಿ ಪೈಪು ಸಿಗದೆ ಬಸ್ಸು ಹಿಡಿದು ಯಾದಗಿರಿಗೆ ಹೋದೆ. ಅಂಗಡಿಯವರು ಕೂಲಂಟಿನ ನಾಲ್ಕು ಬಣ್ಣದ ಡಬ್ಬಿಗಳನ್ನು ಮುಂದಿಟ್ಟು, "ಯಾವುದ್ ಕೊಡ್ಲಿ ಸರ್? ಎಲ್ಲಾರೂ ಈಗ ಕೆಂಪೇ ಒಯ್ತಾರ್ರಿ" ಎಂದರು. ನಮ್ಮದು ಹಿತ್ತಾಳೆಯ ರೇಡಿಯೇಟರು, ಸೀಸದ ಬೆಸುಗೆ, ಹೊಸ ಬಣ್ಣಗಳು ಅದಕ್ಕೆ ಆಗಿಬರುವುದಿಲ್ಲ, ಹಸಿರೇ ಕೊಡಿ ಎಂದೆ. ಅದು ನನ್ನ ಜಾಣತನವಲ್ಲ... ಶಹಾಪುರದ ಮೇಸ್ತ್ರಿ ಹೇಳಿಕೊಟ್ಟಿದ್ದನ್ನು ನನ್ನ ಬಾಯಿ ಒಪ್ಪಿಸಿತು, ಅಷ್ಟೆ.

ನಾನು ಸುರಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಶಹಾಪುರದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಮಾವ, ತಮಗೆ ಸಾಕೆನಿಸಿದ ಮೇಲೆ, ಈ ವಿಲಾಯತಿ ಕಾರನ್ನು ಅಳಿಯನ ತಲೆಗೆ ಕಟ್ಟಿದ್ದರು. ಅದರಲ್ಲಿ ಕೂತು ಮೆರೆಯುವ ಖುಷಿ ಹೆಂಡತಿಯದು, ಸಾಕುವ ಸಂಕಟ ನನ್ನದು. ಬೇಸಿಗೆಯಲ್ಲಿ ಸುರಪುರದ ಏರು ಹತ್ತುವಷ್ಟರಲ್ಲಿ ಅದು ಚಹದ ಕಿಟ್ಲಿಯ ಹಾಗೆ ಕುದಿಯುತ್ತಿತ್ತು. ಆಗ ಮಾವನೇ ನನ್ನನ್ನು ಮೇಸ್ತ್ರಿಯ ಬಳಿ ಕಳಿಸಿದರು.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು. ರೇಡಿಯೇಟರ್ ಬಿಟ್ಟು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ಊರೆಲ್ಲ ಮೇಸ್ತ್ರಿ ಅನ್ನುತ್ತಿತ್ತು, ನಾನು ಕಾಕಾ ಅನ್ನುತ್ತಿದ್ದೆ. ಓದು ಬರಹ ಗೊತ್ತಿರಲಿಲ್ಲ. ಆದರೆ ನಾಲಿಗೆ ಇತ್ತು. ಯಾವ ಗಾಡಿ ಬಂದರೂ ಮೊದಲು ಕಿರುಬೆರಳನ್ನು ರೇಡಿಯೇಟರಿನ ನೀರಿಗೆ ಅದ್ದಿ, ತುದಿನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದರು. ಮೊದಲ ದಿನ ನನ್ನ ಕಾರಿನ ನೀರಿನ ರುಚಿ ನೋಡಿ ಪಕ್ಕಕ್ಕೆ ಉಗಿದರು.

"ಇದೇನ್ ನೀರೋ ಉಪ್ಪಿನ ಚೀಲೋ, ಮಾಸ್ತರ? ಸವಳ ನೀರ್ ಹಾಕಿದ್ರ ಒಳಗ ಸುಣ್ಣ ಕಟ್ಟತಾದ. ನೀರ್ ತಿರುಗಾಕ ಜಾಗ ಇಲ್ಲಂದ್ರ ಕುದೀದ ಏನ್ ಮಾಡ್ಬೇಕು ಪಾಪ?"

ನಮ್ಮ ಕಡೆ ಆಗ ಬಾವಿ ತೋಡಿದರೆ ಸವಳು, ಬೋರು ಹಾಕಿದರೆ ಸವಳು. ನೀರಿಗೆ ಕೊಡಬಹುದಾದ ದೊಡ್ಡ ಮರ್ಯಾದೆಯೆಂದರೆ ಒಂದೇ ಮಾತು: ಸೀ ಅದ, ಸಿಹಿಯಾಗಿದೆ. ಹೊಸ ಬಾವಿ ತೋಡಿದವರು ಸೀಸೆಯಲ್ಲಿ ನೀರು ಹಿಡಿದುಕೊಂಡು ರೇಡಿಯೇಟರ್ ಮೇಸ್ತ್ರಿಯ ಶೆಡ್ಡಿಗೆ ಬರುತ್ತಿದ್ದರು! ಅವರು ಸೀ ಅದ ಎಂದರೆ ಮನೆಗೆ ಹೋಗಿ ಹೋಳಿಗೆ ಮಾಡುತ್ತಿದ್ದರು, ಸವಳ ಅಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಂತೂ ಸೀ ನೀರು ಬಂತು ಸೀ ನೀರು ಬಂತು ಎಂದು ಜನ ಕೊಡಗಟ್ಟಲೆ ತಂದು ಟ್ರ್ಯಾಕ್ಟರಿಗೂ ಜೀಪಿಗೂ ಹಾಗೇ ಸುರಿದರು. ಒಳಗೆ ರಾಡಿ ತುಂಬಿ, ತಿಂಗಳೊಪ್ಪತ್ತಿನಲ್ಲಿ ಶೆಡ್ಡಿನ ಮುಂದೆ ಗಾಡಿಗಳ ಸಾಲು ನಿಂತಿತು. ಮೇಸ್ತ್ರಿ ಬೈಯುತ್ತಲೇ ಎಲ್ಲವನ್ನೂ ತೊಳೆದರು. ನನ್ನ ಕಾರಿಗೆ ಮಾತ್ರ ಕಾಲುವೆಯ ನೀರನ್ನು ಹರವಿಯಲ್ಲಿ ಮೂರು ದಿನ ತಿಳಿಗೊಳಿಸಿ, ನಾಲ್ಕು ಮಡಿಕೆಯ ಧೋತರದಲ್ಲಿ ಸೋಸಿ ಹಾಕಿದರು. ಆ ವರ್ಷ ಕಾರು ಕುದಿಯಲಿಲ್ಲ.

ಕೂಲಂಟಿನ ಡಬ್ಬಿ ಬಂದದ್ದು ಆಮೇಲೆ. ಮಾವ ಹೈದರಾಬಾದಿನಿಂದ ತರಿಸಿದ್ದರು. ನಾನು ಅದನ್ನು ಶೆಡ್ಡಿಗೆ ಒಯ್ದೆ. ಬೆಂಚಿನ ಮೇಲೆ ನಾಲ್ಕೈದು ಜನ ಗಿರಾಕಿಗಳು ಕೂತಿದ್ದರು. ನೀರಲ್ಲದ ನೀರು ಬಂದಿದೆ ಎಂದು ಎಲ್ಲರಿಗೂ ಕುತೂಹಲ. ಮೇಸ್ತ್ರಿ ಮುಚ್ಚಳ ತೆಗೆದು, ಆ ಹಸಿರನ್ನು ಬೆಳಕಿಗೆ ಹಿಡಿದು ನೋಡಿ, ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಮುಖ ಅರಳಿತು.

"ಸೀ ಅದ್ರೋ! ಕ್ಯಾನಲ್ ನೀರಿಗಿಂತ ಸೀ ಅದ! ಇದು ದಗಾ ಮಾಡಂಗಿಲ್ಲ ಮಾಸ್ತರ. ಒಂದು ಪಾಲು ಇದು, ಮೂರು ಪಾಲು ನಮ್ಮ ಸೋಸಿದ ನೀರು. ಪಿತ್ತಾಳಿ ಹೊಟ್ಟಿಗೆ ಇದರಷ್ಟು ಛಲೋದು ಇಲ್ಲ."

ಡಬ್ಬಿಯ ಹಿಂಬದಿ ನನ್ನ ಕಡೆಗಿತ್ತು. ಅದರ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನಾನು ದಾರಿಯಲ್ಲೇ ಓದಿದ್ದೆ. ವಿಷ ಎಂದಿತ್ತು. ನುಂಗಬಾರದು ಎಂದಿತ್ತು. ಆ ಶಬ್ದದ ಕಾಗುಣಿತವನ್ನು ಅದೆಷ್ಟು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದ ಮಾಸ್ತರ ನಾನು. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕು ಜನರ ಮುಂದೆ ಆ ನಾಲಿಗೆಗೆ ತಪ್ಪಾಯಿತು ಎಂದು ಹೇಗೆ ಹೇಳಲಿ? ಒಂದು ಹನಿಗೆ ಏನಾಗುತ್ತದೆ, ಎಲ್ಲರೂ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಎಲ್ಲರೂ ಹೋದ ಮೇಲೆ ಮೇಸ್ತ್ರಿಯ ಹೆಂಡತಿ ಕಾಕಿ ಮೇಕೆಹಾಲಿನ ಚಹ ತಂದಳು, ಕಾಲುವೆ, ಹತ್ತಿ ಅಂತ ಮಾತು ಎಲ್ಲೆಲ್ಲೋ ಹೋಯಿತು... ನಾನು ಎದ್ದು ಬಂದೆ. ಮುಂದಿನ ಸಲ ಹೇಳಬೇಕೆಂದಾಗ, ಹೋದ ಸಲ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅನ್ನುವ ನಾಚಿಕೆ. ಅದರ ಮುಂದಿನ ಸಲಕ್ಕೆ ಅದೂ ಉಳಿಯಲಿಲ್ಲ, ರೂಢಿಯಾಯಿತು. ಹೀಗೆ ಮೂರ್ನಾಲ್ಕು ವರ್ಷ ನನ್ನ ಕಣ್ಣೆದುರಿಗೇ ಅವರು ಅದನ್ನು ನೆಕ್ಕಿ ಸೀ ಅದ ಎನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ನನಗೆ ನನ್ನ ಬಗ್ಗೆ ಇವತ್ತಿಗೂ ಅಸಹ್ಯವೆನಿಸುವುದು ಹಾಗೆ ತಲೆಯಾಡಿಸಿದ್ದಕ್ಕೆ.

ಆಮೇಲೊಂದು ಬೇಸಿಗೆಯಲ್ಲಿ, ಕಾಲುವೆ ಬಂದ್ ಆಗಿದ್ದಾಗ, ನನ್ನ ಕಾರಿನ ಹಳೆಯ ಕೂಲಂಟನ್ನು ಕಬ್ಬಿಣದ ಬೋಗುಣಿಗೆ ಬಸಿದು ಶೆಡ್ಡಿನ ಹಿಂದೆ ಇಟ್ಟಿದ್ದರು. ಅಲ್ಲೇ ಕಾಕಿಯ ಮೇಕೆ ಕಟ್ಟಿರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಆ ಮೇಕೆಯನ್ನು ಕಾಕಿ ಕೈತುತ್ತು ಹಾಕಿ ಬೆಳೆಸಿದ್ದಳು, ಹೆಸರು ಹಿಡಿದು ಕರೆದರೆ ಬರುತ್ತಿತ್ತು. ಹಗ್ಗ ಬಿಚ್ಚಿಕೊಂಡು ಹೋಗಿ ಅರ್ಧ ಬೋಗುಣಿ ಕುಡಿಯಿತಂತೆ. ಸಂಜೆ ಸೆರೆ ಕುಡಿದವರ ಹಾಗೆ ತೂರಾಡಿತು. ಮೂರನೆಯ ದಿನ ಸತ್ತಿತು.

ಭಾನುವಾರ ನಾನು ಹೋದಾಗ ಅದನ್ನು ಮಣ್ಣು ಮಾಡಿ ಬಂದು ಮೇಸ್ತ್ರಿ ಬೆಂಚಿನ ಮೇಲೆ ಕೂತಿದ್ದರು. ಡಬ್ಬಿ ಪಕ್ಕದಲ್ಲಿತ್ತು. ಅದನ್ನು ನನ್ನ ಕೈಗೆ ಕೊಟ್ಟರು.

"ಇದರ ಮ್ಯಾಲ ಏನ್ ಬರ್ದಾರ, ಜರಾ ಓದಿ ಹೇಳ್ರಿ ಮಾಸ್ತರ."

ಓದಿ ಹೇಳಿದೆ.

"ಜಹರ್ ಅಂತ ಬರ್ದಾರೇನ್ರಿ?"

"ಹೌದು ಕಾಕಾ. ವಿಷ."

"ಇಷ್ಟ್ ಸೀ ಅದಲ್ರೀ ಮತ್ತ..." ಎಂದರು. ಸ್ವಲ್ಪ ಹೊತ್ತು ತಮ್ಮ ಕಿರುಬೆರಳನ್ನೇ ನೋಡಿಕೊಂಡರು. ಆಮೇಲೆ ಕೇಳಿದರು: "ನೀವೂ ಮೊದ್ಲ ಓದಿದ್ದಿಲ್ಲೇನ್ರಿ?"

ಆ ಪ್ರಶ್ನೆಯಲ್ಲಿ ಸಂಶಯವಿರಲಿಲ್ಲ, ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ.

"ಇಲ್ಲ ಕಾಕಾ. ಸಣ್ಣ ಅಕ್ಷರ, ಕಣ್ಣಿಗೆ ಬಿದ್ದಿರಲಿಲ್ಲ."

"ಇರ್ಲಿ ಬಿಡ್ರಿ. ನಿಮಗ ಗೊತ್ತಿದ್ರ ಹೇಳ್ದ ಇರ್ತಿದ್ರೇನು?" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಅಂದಿನಿಂದ ಅವರು ನೀರು ನೆಕ್ಕುವುದನ್ನು ಬಿಟ್ಟರು. ಸೀಸೆ ಹಿಡಿದು ಬಂದ ರೈತರನ್ನು "ನನ್ನ ನಾಲಿಗಿ ಸುಳ್ಳು ಹೇಳ್ತದ, ಬ್ಯಾರೆ ಕಡಿ ಹೋಗ್ರಪ್ಪ" ಎಂದು ವಾಪಸು ಕಳಿಸಿದರು. ಯಾವ ಹೊಸ ಡಬ್ಬಿ ಬಂದರೂ ನಾನು ಬರುವ ತನಕ ಅದರ ಮುಚ್ಚಳ ತೆಗೆಯುತ್ತಿರಲಿಲ್ಲ. ಕೆಂಪು, ನೀಲಿ ಎಲ್ಲ ಬರತೊಡಗಿದ ಕಾಲ. ಗಿರಾಕಿಗಳು ಗಡಿಬಿಡಿ ಮಾಡಿದರೆ, "ಐತವಾರ ಮಾಸ್ತರ್ ಬರ್ತಾರ, ಓದ್ತಾರ, ಆಮ್ಯಾಲ ಹಾಕ್ತೀನಿ" ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಯಾವುದು ಸೀಸದ ಬೆಸುಗೆಗೆ ಆಗದು, ಯಾವುದನ್ನು ಯಾವುದಕ್ಕೆ ಬೆರೆಸಬಾರದು, ಒಂದಕ್ಷರ ಬಿಡದೆ ಓದುತ್ತಿದ್ದೆ. ಅವರು ಅದನ್ನು ಗಾಡಿಗೆ ಹೊಂದಿಸಿ ನಿರ್ಧಾರ ಮಾಡುತ್ತಿದ್ದರು. "ನಾಲಿಗಿ ಹೋದ್ರ ಹೋತು, ನಿಮ್ಮ ಕಣ್ಣಿನ ಮ್ಯಾಲ ಭರೋಸಾ ಅದ" ಎಂದು ನಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಡಬ್ಬಿ ಕೆಳಗಿಟ್ಟು ಕಾರಿನ ಕಡೆ ನಡೆಯುತ್ತಿದ್ದೆ. ಬರಬರುತ್ತಾ ಎರಡು ವಾರಕ್ಕೊಮ್ಮೆ ಹೋದೆ, ಆಮೇಲೆ ತಿಂಗಳಿಗೊಮ್ಮೆ... ಕೊನೆಗೆ ಬೇರೆ ಮೆಕ್ಯಾನಿಕ್ ಹುಡುಕಿಕೊಂಡೆ. ಶಹಾಪುರ ದೂರ ಎಂದು ಹೆಂಡತಿಗೆ ಹೇಳಿದೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಇಪ್ಪತ್ತು ದಿನ ತಡವಾಗಿ. ಹೋಗಿ ಕಾಕಿಯ ಮುಂದೆ ಕೂತೆ. ಮೂತ್ರಪಿಂಡ ಕೆಟ್ಟಿತ್ತಂತೆ. ಒಂದೊಂದು ಹನಿ ನೆಕ್ಕಿದ್ದರಿಂದ ಹಾಗಾಗುವುದಿಲ್ಲ ಎಂದು ಆಮೇಲೆ ಒಬ್ಬ ಡಾಕ್ಟರು ಹೇಳಿದರು. ಇನ್ನೊಬ್ಬರನ್ನೂ ಕೇಳಿದೆ, ಅವರೂ ಹಾಗೇ ಹೇಳಿದರು. ಮೂರನೆಯವರನ್ನು ಕೇಳುವ ಧೈರ್ಯವಾಗಲಿಲ್ಲ. ಕಾಕಿ ನನ್ನ ಮೇಲೆ ಯಾವ ದೂರೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಇಷ್ಟೇ ಅಂದಳು:

"ದವಾಖಾನ್ಯಾಗ ಸೀ ಔಷಧ ಕೊಟ್ಟಿದ್ರು. ಬಾಯಿ ಬಿಡ್ಲಿಲ್ಲ ಅವ್ರು. ಮಾಸ್ತರ್ ಬರ್ಲಿ, ಬಾಟ್ಲಿ ಮ್ಯಾಲಿಂದು ಓದ್ಲಿ, ಆಮ್ಯಾಲ ಕುಡೀತೀನಿ ಅಂದ್ರು. ನಿಮ್ಮ ದಾರಿ ಭಾಳ ನೋಡಿದ್ರು."

ನಿನ್ನೆ ಹೊಸ ಪೈಪು ಹಾಕಿ, ಹಸಿರು ತುಂಬಿ, ಕಾರನ್ನು ಸುರಪುರದ ಏರಿನಲ್ಲಿ ಒಂದು ಸುತ್ತು ಹಾಕಿಸಿದೆ. ಶಾಖದ ಮುಳ್ಳು ಮೇಲೇಳಲಿಲ್ಲ. ಶಹಾಪುರದ ಆ ಜಾಗದಲ್ಲಿ ಈಗ ಗೊಬ್ಬರದ ಅಂಗಡಿಯಿದೆ, ಕಾಕಿಯೂ ಇಲ್ಲ. ಎಂಜಿನ್ ನಿಲ್ಲಿಸಿ ಏರಿನ ಮೇಲೆ ಕಾರಿನಲ್ಲೇ ದಣಿದು ಕೂತೆ. ಆಡಬೇಕಾಗಿದ್ದ ಮಾತು ಒಂದೇ ಉಸಿರಿನದು, ಕೇಳುವವರಿದ್ದಾಗ ಬಾಯಿಗೆ ಬರಲಿಲ್ಲ. ಓದಿದ್ದೆ ಕಾಕಾ. ಮೊದಲ ದಿನವೇ ಓದಿದ್ದೆ.