ಅಕ್ಕ ಹೊಡೆದುಹಾಕುತ್ತಿದ್ದ ಸಾಲು

ಆ ಬುಧವಾರ ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಳು. ಅವಳ ಸೂಕ್ಷ್ಮದರ್ಶಕಕ್ಕೆ ಹೊದಿಸುವ ಬಟ್ಟೆಯ ಗವಸನ್ನು ನಾನು ಬಿಸಿನೀರಲ್ಲಿ ಒಗೆದಿದ್ದೆ. ಅದು ಗೇಣುದ್ದ ಆಗಿಬಿಟ್ಟಿತ್ತು.

"ಇನ್ನ ಇದನ್ನ ನೀನ ತಲಿಗೆ ಹಾಕ್ಕೊ," ಅಂದಳು.

ಮೂಡಲಗಿಯ ಅರಿವೆ ಅಂಗಡಿಯವರ ಮನೆಯಿಂದ ಡಾಕ್ಟರಕಿ ಓದಲು ಹೋದ ಮೊದಲ ಹುಡುಗಿ ಅಕ್ಕ. ರೋಗದ ಕಾರಣ ಹುಡುಕುವ, ಸತ್ತವರನ್ನೂ ಕೊಯ್ದು ನೋಡುವ ಪೆಥಾಲಜಿಯನ್ನು ಅವಳು ತಗೊಂಡಾಗ, ಗುಳಿಗೆ ಕೊಡದವಳು ಎಂಥಾ ಡಾಕ್ಟರ್ ಎಂದು ನಮ್ಮವರೆಲ್ಲ ನಕ್ಕಿದ್ದರು. ಬೇರೆ ಊರಿನ ಮೆಡಿಕಲ್ ಕಾಲೇಜಿನಲ್ಲಿ ಹತ್ತಾರು ವರ್ಷ ಕಲಿಸಿದಳು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಗೋಕಾಕಕ್ಕೆ ಬಂದು, ಗಂಡ ಇಲ್ಲದ ನನ್ನ ಜೊತೆ ಇದ್ದಳು. ಮುಂದಿನ ಖೋಲಿಯಲ್ಲಿ ಅವಳ ಸೂಕ್ಷ್ಮದರ್ಶಕ, ಗಾಜಿನ ಸ್ಲೈಡುಗಳ ಪೆಟ್ಟಿಗೆ. ಬುಧವಾರ ಬುಧವಾರ ಸುತ್ತಲಿನ ಊರುಗಳಿಂದ ಹಳೇ ವಿದ್ಯಾರ್ಥಿಗಳು ಬಂದು ಕೂರುತ್ತಿದ್ದರು.

ಆ ದಿನ ಹುಕ್ಕೇರಿಯ ಡಾಕ್ಟರ್ ಹುಡುಗಿ ಒಬ್ಬಳೇ ಬಂದಿದ್ದಳು. ತಾನು ಬರೆದ ಒಂದು ಮರಣಪತ್ರದ ನಕಲು ತೋರಿಸಿದಳು. ಅಕ್ಕ ಕೆಂಪು ಪೆನ್ನು ತೆಗೆದಳು.

"ಕಾರಣ, ಹೃದಯ ಸ್ತಂಭನ. ಇದೇನವ್ವಾ?"

"ಹೃದಯ ನಿಂತಿತ್ರಿ, ಮೇಡಂ."

"ಎಲ್ಲಾರದೂ ನಿಲ್ತೈತಿ. ಯಾಕ ನಿಂತು, ಅದನ್ನ ಬರಿ. ಬಸ್ ಯಾಕ ನಿಂತು ಅಂದ್ರ ಗಾಲಿ ತಿರಗಲಿಲ್ಲ ಅಂತಿ ಏನ?"

ಹುಡುಗಿ ನಕ್ಕಳು. ಅಕ್ಕ ನಗದೆ ಆ ಸಾಲನ್ನು ಹೊಡೆದುಹಾಕಿದಳು.

ಸಂಜೆ ಬೆನ್ನು ಹಿಡಿದಿದೆ ಎಂದಳು. ಎಣ್ಣೆ ಕಾಸಿ ತಿಕ್ಕಿದೆ. ಇನ್ನೂ ಮೇಲೆ, ಹಾಂ, ಅಲ್ಲೇ ಎನ್ನುತ್ತಿದ್ದಳು. ಎರಡೂ ರೆಕ್ಕೆಯೆಲುಬುಗಳ ನಡುವೆ.

"ಡಾಕ್ಟರಿಗೆ ತೋರಸೂಣೇನ?"

"ಮತ್ತ ನಾ ಯಾರು? ದನದ ಡಾಕ್ಟ್ರ?"

ನಾನೂ ನಕ್ಕೆ. ಮರುದಿನ ಬೆಳಗ್ಗೆ ಚಹಾ ತಂದಾಗ ಅವಳು ಕುರ್ಚಿಯ ಬಾಜೂ ನೆಲದ ಮೇಲಿದ್ದಳು. ಉಸಿರಿರಲಿಲ್ಲ.

ಹುಕ್ಕೇರಿಯ ಹುಡುಗಿ ಓಡಿ ಬಂದಳು. ನೋಡಿದಳು, ಅತ್ತಳು. ಆಮೇಲೆ ನನ್ನನ್ನು ಒಳಗೆ ಕರೆದಳು.

"ಮೇಡಂ ಬರದಿಟ್ಟಾರಲ್ರಿ ಅಕ್ಕಾರ. ಸತ್ತ ಮ್ಯಾಲ ತಮ್ಮ ಮೈನೂ ಕೊಯ್ದು ನೋಡಬೇಕು ಅಂತ."

ನನಗೆ ಗೊತ್ತಿತ್ತು. ಆ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವಳೇ ನಾನು. ಸಾಯುವುದು ಇನ್ನೂ ದೂರ ಇದೆ ಎಂದುಕೊಂಡು ಹಾಕಿದ್ದೆ. ಈಗ ಮೂಡಲಗಿಯಲ್ಲಿ ಕುಣಿ ತೋಡಲು ಹೇಳಿಯಾಗಿತ್ತು, ಸ್ವಾಮಿಗಳಿಗೂ ತಿಳಿಸಿಯಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ.

"ಕೊಯ್ದ ಮೈನ ಹೆಂಗ ಕುಂಡ್ರಸೂದವ್ವಾ?"

"ಹೊಲದು ಕೊಡ್ತೀವ್ರಿ. ಸಂಜಿಕ್ಕ ತಂದು ಬಿಡ್ತೀವಿ."

"ಬ್ಯಾಡ."

ಅವಳು ಮತ್ತೊಮ್ಮೆ ಕೇಳಲಿಲ್ಲ. ಮರಣಪತ್ರ ತುಂಬುವಾಗ ಮಾತ್ರ, ಕಾರಣ ಏನು ಬರೀಲ್ರಿ ಎಂದಳು. ಏನರ ಬರಿ ಎಂದೆ. ಅಕ್ಕ ಹೊಡೆದುಹಾಕಿದ್ದ ಆ ಸಾಲನ್ನೇ ಅವಳು ಬರೆದಳು.

ಮೂಡಲಗಿಯಲ್ಲಿ ಅಕ್ಕನನ್ನು ಕೂರಿಸಿದೆವು. ತಲೆ ಮುಂದಕ್ಕೆ ಬಾಗುತ್ತಿತ್ತು. ನಾನೇ ಗದ್ದ ಹಿಡಿದು ಎತ್ತಿದೆ.

ವಾರ ಕಳೆದ ಮೇಲೆ ಮಸಗುಪ್ಪಿಯಿಂದ ಒಬ್ಬ ಮುದುಕಿ ಮಾತಾಡಿಸಲು ಬಂದಳು. ನಾನು ಕಂಡವಳಲ್ಲ. ಬಹಳ ಹಿಂದೆ ಅವಳ ಮಗ ಅಕ್ಕನ ಕಾಲೇಜಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದನಂತೆ. ಯಾವ ಬೇನೆ ಎಂದು ಯಾರಿಗೂ ತಿಳಿದಿರಲಿಲ್ಲ. ಕೊಯ್ದು ನೋಡಲು ಅಕ್ಕ ಅವಳ ಕೈ ಹಿಡಿದು ಒಪ್ಪಿಸಿದ್ದಳು.

"ತಾನ ಹೊಲದು ಕೊಟ್ಲು ನೋಡವ್ವ. ನಿಗಾ ಇಟ್ಟು ಕೌದಿ ಹೊಲದಂಗ. ಕುಂಡ್ರಿಸೇ ಮಣ್ಣ ಮಾಡಿದ್ವಿ, ಒಂದ ಎಳಿ ಬಿಚ್ಚಲಿಲ್ಲ. ಬ್ಯಾನಿ ರಕ್ತದ್ದು, ನಿನ್ನ ತಪ್ಪಲ್ಲ ಅಂತ ಹೇಳಿ ಕಳಸಿದ್ಲು. ಅದಕ್ಕ ನಾ ಇನ್ನೂ ಉಣ್ಣಾಕತ್ತೇನಿ."

ಅವಳಿಗೆ ಚಹಾ ಮಾಡಲು ಎದ್ದವಳು ಒಲೆ ಹಚ್ಚದೆ ಅಡಿಗೆಮನೆಯಲ್ಲೇ ನಿಂತುಬಿಟ್ಟೆ.

ಅಂದಿನಿಂದ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಬಸ್ಸು ಹತ್ತಿ ಮೂಡಲಗಿಗೆ ಹೋಗುತ್ತೇನೆ, ಸಮಾಧಿಯ ಹತ್ತಿರ ನಿಂತು ಮುಂದಿನ ಬಸ್ಸಿಗೇ ಮರಳುತ್ತೇನೆ. ಮನೆಗೆ ಬಂದರೆ ಮೂಡಲಗಿಯಲ್ಲೇ ಇರಬೇಕಿತ್ತು ಅನಿಸುತ್ತದೆ. ಕೈಗೆ ಎಣ್ಣೆ ಹತ್ತಿದರೆ ಸೋಪು ಹಚ್ಚಿ ತೊಳೆಯುತ್ತೇನೆ, ಮತ್ತೆ ತೊಳೆಯುತ್ತೇನೆ. ಆ ಸಂಜೆ ತಿಕ್ಕುವ ಬದಲು ರಿಕ್ಷಾ ಕರೆದಿದ್ದರೆ?

ಹೋದ ವಾರ ಹುಕ್ಕೇರಿಗೆ ಹೋದೆ. ದವಾಖಾನೆಯಲ್ಲಿ ರೋಗಿಗಳಿದ್ದರು, ಬಾಕಿನ ಮೇಲೆ ಕಾಯುತ್ತ ಕೂತೆ. ಎಲ್ಲರೂ ಹೋದ ಮೇಲೆ ಆ ಸಂಜೆ ಅಕ್ಕನ ಬೆನ್ನು ಹಿಡಿದಿದ್ದನ್ನು ಹೇಳಿದೆ. ಹುಡುಗಿ ಕೇಳಿದಳು:

"ನೋವು ಎಲ್ಲಿತ್ರಿ?"

ಅವಳನ್ನು ತಿರುಗಿಸಿ ಅವಳ ಬೆನ್ನ ಮೇಲೆ ಕೈಯಿಟ್ಟು ತೋರಿಸಿದೆ.

"ಹೃದಯದ್ದಿರಬಹುದ್ರಿ. ದೊಡ್ಡ ರಕ್ತನಾಳ ಒಡದಿರಬಹುದು. ಬರೇ ಬೆನ್ನಿಂದೂ ಇರಬಹುದು. ಇನ್ನ ಗೊತ್ತಾಗೂದಿಲ್ರಿ ಅಕ್ಕಾರ."

"ನಾ ಆಗ ಹೂಂ ಅಂದಿದ್ರ?"

"ಗೊತ್ತಾಗತಿತ್ತು."

ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ. ಅಕ್ಕ ಕಲಿಸಿದ ಹುಡುಗಿ.

ಮನೆಗೆ ಬಂದು ಮರಣಪತ್ರದ ನಕಲು ತೆಗೆದೆ. ಅಕ್ಕನ ಕೆಂಪು ಪೆನ್ನು ಸ್ಲೈಡಿನ ಪೆಟ್ಟಿಗೆಯ ಮೇಲೇ ಇತ್ತು. ಆ ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆಯಲು ಜಾಗ ಇದೆ. ಅಕ್ಕ ಯಾಕೆ ಸತ್ತಳು ಎಂಬುದು ಅಲ್ಲಿಲ್ಲ.