ಖೋ-ಖೋ ಅಂಕಣದಿಂದ ತಂದ ಹುಡುಗಿ

ಮಂಟೇಸ್ವಾಮಿ ಕುಂತ ಕಡೆ ಕುಂತವನಲ್ಲ. ಮದುವೆ ಊಟದ ಪಂಕ್ತಿಯಲ್ಲೂ ಅವನ ಎಡಗಾಲು ಅಲ್ಲಾಡುತ್ತಲೇ ಇರುತ್ತಿತ್ತು. ದೇವನೂರಿನಿಂದ ನಂಜನಗೂಡಿನ ಹೈಸ್ಕೂಲಿಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದ. ಆ ಹೈಸ್ಕೂಲಿನಲ್ಲಿ ಖೋ-ಖೋ ಆಡಿದ. ಅಟ್ಟಿಸಿಕೊಂಡು ಬಂದವರ ಬೆರಳು ಇನ್ನೇನು ಬೆನ್ನಿಗೆ ತಾಕಿತು ಅನ್ನುವಾಗ ಸೊಂಟ ಒಂದು ಕಡೆ, ಕಾಲು ಒಂದು ಕಡೆ ಮಾಡಿ ಜಾರಿಕೊಳ್ಳುತ್ತಿದ್ದ.

ಆಮೇಲೆ ಮೈಸೂರಿನ ಕಾಲೇಜಿಗೆ ಸೇರಿದ. ಅಲ್ಲಿನ ಬೇಸ್‌ಬಾಲ್ ತಂಡಕ್ಕೆ ಒಬ್ಬ ಓಟಗಾರ ಕಮ್ಮಿ ಬಿದ್ದ. "ಲೇ ಮಂಟ, ನಾಳೆ ಒಂದಿನ ನಿಂತ್ಕಳ್ಲಾ," ಅಂತ ಕರೆದರು. ಹೋದವನು ಅಲ್ಲೇ ಉಳಿದುಬಿಟ್ಟ.

ಆ ಆಟದಲ್ಲಿ ಚೆಂಡು ಹೊಡೆದವರು ದೊಣ್ಣೆ ಬಿಟ್ಟು ನಾಲ್ಕು ಮೂಲೆ ಸುತ್ತಿ ಬರಬೇಕು. ಮೂಲೆಗೆ ಬೇಸ್ ಅನ್ನುತ್ತಾರೆ. ದಾರಿಯಲ್ಲಿ ಎದುರು ತಂಡದವರು ಚೆಂಡು ಹಿಡಿದು ಮೈ ಮುಟ್ಟಿದರೆ ಔಟು. ಮುಟ್ಟಿಸಿಕೊಳ್ಳಬಾರದು ಅಂತ ದಾರಿ ಬಿಟ್ಟು ಮೂರಡಿ ಆಚೆ ಹಾರಿದರೂ ಔಟು. ಖೋ-ಖೋ ಆಡಿದ ಮೈಗೆ ಈ ಎರಡನೆಯದು ಒಗ್ಗುವುದೇ ಇಲ್ಲ. ಕೈ ಹತ್ತಿರ ಬಂದರೆ ಮೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಮಂಟೇಸ್ವಾಮಿ ಮೊದಲ ವರ್ಷವೆಲ್ಲ ಹಾಗೇ ಔಟಾದ. ಕೊನೆಗೆ ಮೈಯನ್ನು ಬಗ್ಗಿಸಿ ನೆಟ್ಟಗೆ ಓಡುವುದು ಕಲಿತ, ರಾಜ್ಯದ ತಂಡಕ್ಕೂ ಆಡಿದ. ಒಂದು ಸಲ ಬೇಸಿಗೆ ಜಾರುವಾಗ ಮಂಡಿ ತಿರುಚಿಕೊಂಡಿತು. ಅಲ್ಲಿಗೆ ಆಡುವುದು ನಿಂತು, ಆಡಿಸುವುದು ಶುರುವಾಯಿತು.

ತಿರುಮಕೂಡಲು ನರಸೀಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕೋಚ್ ಕೆಲಸ ಸಿಕ್ಕಿತು. ಅದೇ ಮೈದಾನದ ಇನ್ನೊಂದು ತುದಿಯಲ್ಲಿ ಗೋವಿಂದಯ್ಯ ಮೇಷ್ಟ್ರು ಹುಡುಗಿಯರಿಗೆ ಖೋ-ಖೋ ಆಡಿಸುತ್ತಿದ್ದರು. ಮಂಟೇಸ್ವಾಮಿಯ ಹುಡುಗಿಯರ ಬೇಸ್‌ಬಾಲ್ ತಂಡದಲ್ಲಿ ಎಸೆಯುವವರಿದ್ದರು, ಹೊಡೆಯುವವರಿದ್ದರು, ಓಡುವವರೇ ಇರಲಿಲ್ಲ. ಅವನ ಕಣ್ಣು ಅಲ್ಲಿ ಖೋ-ಖೋ ಆಡುತ್ತಿದ್ದ ಹತ್ತನೇ ಕ್ಲಾಸಿನ ಪಲ್ಲವಿಯ ಮೇಲೆ ಬಿತ್ತು.

"ಪಕ್ಕದಲ್ಲೇ ನಿಂತ್ಕಂಡು ನನ್ ತಟ್ಟೆಗೇ ಕೈ ಆಕ್ತೀಯಲ್ಲಾ," ಅಂದರು ಗೋವಿಂದಯ್ಯ. "ಮುಂದಿನ್ ತಿಂಗ್ಳು ಖೋ-ಖೋ ಸೆಲೆಕ್ಷನ್ ಅದೆ ಕಣಪ್ಪ. ಅದ್ರಲ್ಲಿ ಗೆದ್ರೆ ಈ ಮಗೀಗೆ ಸ್ಪೋರ್ಟ್ಸ್ ಹಾಸ್ಟೆಲ್ ಸೀಟು. ಇಲ್ದಿದ್ರೆ ಅವ್ರಪ್ಪ ಅಕ್ಕನ್ ಜತೆ ನಂಜನಗೂಡಿನ ಗಾರ್ಮೆಂಟ್ಸಿಗೆ ಕಳ್ಸೋನೆ."

"ಬೆಳಿಗ್ಗೆ ನಿಮ್ ಆಟ ಆಡ್ಲಿ ಸಾ, ಸಾಯಂಕಾಲ ನಂದು," ಅಂದ ಮಂಟೇಸ್ವಾಮಿ.

ಗೋವಿಂದಯ್ಯ ಗೊಣಗುತ್ತಲೇ ಒಪ್ಪಿದರು. ಮಂಟೇಸ್ವಾಮಿ ನೆಲದ ಮೇಲೆ ಎರಡು ಹಗ್ಗ ಎಳೆದ. ಪಲ್ಲವಿ ಹಗ್ಗದ ನಡುವೆ ಓಡಬೇಕು, ತಂಡದ ಇನ್ನೊಬ್ಬ ಹುಡುಗಿ ಸುನೀತಾ ಚೆಂಡು ಹಿಡಿದು ಎದುರು ಬರಬೇಕು. ಮೊದಮೊದಲು ಪಲ್ಲವಿ ಹಗ್ಗ ದಾಟಿ ಎಲ್ಲೋ ಇರುತ್ತಿದ್ದಳು.

"ಸಾ, ಮುಟ್ಟಾಕ್ ಬಂದ್ರೆ ಎಂಗ್ ಸುಮ್ಕಿರದು?"

"ಸುಮ್ಕಿರ್ಬೇಡ ಕಣವ್ವಾ. ನೆಟ್ಗೆ ಓಡು, ನೆಲಕ್ ಬಿದ್ದು ಜಾರ್ಕೊಂಡು ಬೇಸ್ ಮುಟ್ಟು."

ಮಂಡಿ, ಮೊಣಕೈ ಎಲ್ಲ ತರಚಿಕೊಂಡು ಪಲ್ಲವಿ ಕಲಿತಳು. ಅವಳು ಹಗ್ಗ ದಾಟದೆ ಓಡಿದ ದಿನ ಮಂಟೇಸ್ವಾಮಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ವಿಭಾಗ ಮಟ್ಟದ ಪಂದ್ಯ ಗೆದ್ದೇ ಬಿಟ್ಟೆವು ಅಂದುಕೊಂಡ.

ಒಂದು ಬೆಳಿಗ್ಗೆ ಬೇಗ ಬಂದವನು ಬೇವಿನ ಮರದ ಹತ್ತಿರ ನಿಂತು ಖೋ-ಖೋ ನೋಡಿದ. ಪಲ್ಲವಿ ಓಡುತ್ತಿದ್ದಳು. ಹಿಂದಿನಿಂದ ಕೈ ಬಂತು. ಅವಳ ಸೊಂಟ ತಿರುಗಲು ಹೊರಟು, ಅರ್ಧಕ್ಕೇ ನಿಂತಿತು. ಔಟು. ಮತ್ತೆ ಬಂದಳು, ಮತ್ತೆ ಹಾಗೇ ಆಯಿತು.

"ಯಾಕವ್ವಾ, ಉಸಾರಿಲ್ವಾ?" ಅಂದರು ಗೋವಿಂದಯ್ಯ.

"ಕಾಲ್ ನೋವು ಸಾ."

ಕಾಲು ನೋವಲ್ಲ ಅಂತ ಮಂಟೇಸ್ವಾಮಿಗೆ ಗೊತ್ತಾಯಿತು. ನೆಟ್ಟಗೆ ಓಡುವುದು ಕಲಿತ ಮೇಲೆ ಅವನೂ ಒಮ್ಮೆ ಊರಿನಲ್ಲಿ ಖೋ-ಖೋ ಆಡಲು ಹೋಗಿ, ಚಿಕ್ಕ ಹುಡುಗರ ಕೈಗೆ ಸಿಕ್ಕು ನಗೆಗೀಡಾಗಿದ್ದ.

ಆ ದಿನವೆಲ್ಲ ಅಡ್ಡಾಡಿದ. ಮನೆಯಲ್ಲಿ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಂಡ.

"ಒಂದ್ ಗಳಿಗೆ ಕುಂತ್ಕಂಡ್ ಉಣ್ಣಿ," ಅಂದಳು ಹೆಂಡತಿ ಕೋಮಲ. "ಯಾರೂ ಮುಟ್ಟಿ ಔಟ್ ಮಾಡಾಕಿಲ್ಲ."

"ಪಲ್ಲವೀನ ಬುಟ್ಬುಡ್ಬೇಕು ಕಣೆ."

"ಬುಟ್ರೆ ಓಡೋರ್ಯಾರು?"

"ಯಾರೂ ಇಲ್ಲ."

ಕೋಮಲ ಇನ್ನೊಂದು ಮುದ್ದೆ ಹಾಕಿದಳು. ಅವನು ತಟ್ಟೆ ಹಿಡಿದುಕೊಂಡು ಬಾಗಿಲಾಚೆ ಹೋದ.

ಮರುದಿನ ಸಾಯಂಕಾಲ ಪಲ್ಲವಿಗೆ ಹೇಳಿದ: ನಾಳೆಯಿಂದ ಬರಬೇಡ.

"ನಾನೇನ್ ತಪ್ ಮಾಡ್ದೆ ಸಾ?"

"ತಪ್ಪಿಲ್ಲ ಕಣವ್ವಾ. ಚೆನ್ನಾಗ್ ಕಲ್ತ್ಬುಟ್ಟೆ. ಈ ಓಟ ನಿನ್ ಖೋ-ಖೋನ ತಿಂದಾಕ್ತಾ ಅದೆ. ಹಾಸ್ಟೆಲ್ ಸೀಟು ಓಯ್ತದೆ."

"ಮಂಡಿ ಕಿತ್ಕಂಡಿದ್ದೆಲ್ಲ ಸುಮ್ನೆನಾ? ಇನ್ಯಾರ್ನ ಓಡುಸ್ತೀರಿ, ಸುನೀತಾನಾ? ಅವ್ಳು ಎಮ್ಮೆ ಓಡ್ದಂಗ್ ಓಡ್ತಾಳೆ."

"ನಾನ್ ಇಲ್ಲೇ ಇವ್ನಿ ಕಣೆ," ಅಂದಳು ಸುನೀತಾ.

ಪಲ್ಲವಿ ಗ್ಲೌಸ್ ಬಿಚ್ಚಿ ಅವನ ಕಾಲ ಹತ್ತಿರ ಎಸೆದು ಹೋದಳು.

ಬಿಟ್ಟ ಮಾತ್ರಕ್ಕೆ ಮೈ ಆ ಓಟವನ್ನು ಮರೆಯುವುದಿಲ್ಲ ಅಂತ ಮಂಟೇಸ್ವಾಮಿಗೆ ಗೊತ್ತಿತ್ತು. ಗೋವಿಂದಯ್ಯನವರ ಹತ್ತಿರ ಹೋಗಿ, "ಸೆಲೆಕ್ಷನ್ ತನ್ಕ ನಾನೇ ಅಟ್ಟುಸ್ಕಂಡ್ ಓಗ್ತೀನಿ ಸಾ," ಅಂದ.

"ಆ ಮಂಡೀಲಾ?"

ದಿನಾ ಬೆಳಿಗ್ಗೆ ಪಲ್ಲವಿಯನ್ನು ಅಟ್ಟಿಸಿಕೊಂಡು ಹೋದ. ಮೊದಲೆರಡು ದಿನ ಪಲ್ಲವಿ ನೆಟ್ಟಗೇ ಓಡಿ ಬೆನ್ನಿಗೆ ಏಟು ತಿಂದಳು. ಮಂಟೇಸ್ವಾಮಿ ಮೆಲ್ಲಗೆ ಮುಟ್ಟುತ್ತಿರಲಿಲ್ಲ, ಉರಿಯುವ ಹಾಗೆ ಬಡಿಯುತ್ತಿದ್ದ. ಅವಳಿಗೆ ಸಿಟ್ಟು ಬಂತು. ಬೇರೆ ಯಾರ ಕೈಗೆ ಸಿಕ್ಕರೂ ಸರಿ, ಇವನ ಕೈಗೆ ಮಾತ್ರ ಸಿಕ್ಕಬಾರದು ಅಂತ ಓಡತೊಡಗಿದಳು. ಒಂದು ದಿನ ಅವನು ಕೈ ಚಾಚಿದಾಗ ಅವಳು ಅಲ್ಲಿರಲಿಲ್ಲ. ಇವನು ಮಣ್ಣಿನಲ್ಲಿ ಬಿದ್ದಿದ್ದ.

"ಸಾಕು, ಏಳ್ಲಾ," ಅಂದರು ಗೋವಿಂದಯ್ಯ.

"ಇನ್ನೊಂದ್ ಸಲ ಬರ್ಲಿ," ಅಂದಳು ಪಲ್ಲವಿ, ಅವನ ಕಡೆ ನೋಡದೆ.

ಅವನು ಮಂಡಿ ಹಿಡಿದುಕೊಂಡು ಎದ್ದ.

ಸೆಲೆಕ್ಷನ್‌ನಲ್ಲಿ ಪಲ್ಲವಿಯ ಹೆಸರು ಕೂಗಿದರು. ಬೇಸ್‌ಬಾಲ್ ತಂಡ ವಿಭಾಗ ಮಟ್ಟದ ಮೊದಲ ಪಂದ್ಯದಲ್ಲೇ ಸೋತು ಬಂತು. ಹಾಸ್ಟೆಲಿಗೆ ಹೊರಡುವ ದಿನ ಅವಳು ಗೋವಿಂದಯ್ಯನವರ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಮಂಟೇಸ್ವಾಮಿ ಅಲ್ಲೇ ಬಸ್ಸಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದ, ಅವಳು ಅವನ ಹತ್ತಿರ ಬರಲಿಲ್ಲ.

ಈಗಲೂ ಅವನು ಖೋ-ಖೋ ಕಡೆಯಿಂದ ಯಾರನ್ನೂ ಕರೆಯುವುದಿಲ್ಲ. ಯಾವ ಆಟವೂ ಬಾರದ ಹುಡುಗಿಯರನ್ನೇ ಸೇರಿಸಿಕೊಂಡು ಮೊದಲಿಂದ ಓಡಿಸುತ್ತಾನೆ. ಅವರು ಸೋಲುತ್ತಲೇ ಇರುತ್ತಾರೆ. ಮೈದಾನದ ಅಂಚಿನಲ್ಲಿ ಅವನಿಗೊಂದು ಕುರ್ಚಿ ಹಾಕಿರುತ್ತಾರೆ. ಅದರಲ್ಲಿ ಹುಡುಗಿಯರು ತಮ್ಮ ನೀರಿನ ಬಾಟಲಿ ಇಟ್ಟುಕೊಂಡಿದ್ದಾರೆ.